ಬಹುರೂಪಿಯ ಕಾಯಕ

ವಚನ ವಾಙ್ಮಯದಲ್ಲಿ 'ವೇಷ' ಎಂಬ ಮಾತು ಬಹುಮಟ್ಟಿಗೆ ನಿಂದೆಯ ಮಾತಾಗಿಯೇ ಬಂದಿದೆ. ಅಂತರಂಗದಲ್ಲಿ ಭಕ್ತಿಯ ಹಸಿಯಿಲ್ಲದೆ ಬಹಿರಂಗದಲ್ಲಿ ವಿಭೂತಿ ರುದ್ರಾಕ್ಷಿಗಳನ್ನು ಧರಿಸಿ ತಿರುಗುವವರನ್ನು ಶರಣರು ವೇಷಧಾರಿಗಳೆಂದು ಜರೆದರು. ಉದರಪೋಷಣೆಗಾಗಿ ಲಾಂಛನವನ್ನು ಹೊತ್ತವರನ್ನು ಅವರು ಎಂದೂ ಮನ್ನಿಸಲಿಲ್ಲ. ಒಳಗೊಂದು ಹೊರಗೊಂದು ಇರುವುದೇ ಮಹಾಪಾತಕವೆಂದು ತಿಳಿದಿದ್ದ ಅದೇ ಕಲ್ಯಾಣದಲ್ಲಿ, ಅದೇ ಶರಣಗಣದ ನಡುವೆ, ವೇಷ ಹಾಕುವುದನ್ನೇ ತನ್ನ ಕಾಯಕವನ್ನಾಗಿ ಮಾಡಿಕೊಂಡ ಮಹನೀಯರೊಬ್ಬರು ಇದ್ದರು. ಅವರು ಬಹುರೂಪಿ ಚೌಡಯ್ಯನವರು. ಶರಣರು ಅವರನ್ನು ಹೊರಗೆ ನಿಲ್ಲಿಸಲಿಲ್ಲ. ಆ ವೇಷಗಳನ್ನು ಕಳಚಿಟ್ಟು ಬಾ ಎಂದು ಹೇಳಲೂ ಇಲ್ಲ. ಅವರ ಹೆಸರಿನ ಹಿಂದೆ ಆ ಕಾಯಕವು ಬಿರುದಿನಂತೆ ಇಂದಿಗೂ ನಿಂತಿದೆ.

ಇದು ಹೇಗೆ ಹೊಂದಿತು? ವೇಷವನ್ನು ಹಳಿದ ಶರಣರು ವೇಷಗಾರನನ್ನು ಹೇಗೆ ಅಪ್ಪಿಕೊಂಡರು? ಈ ಪ್ರಶ್ನೆಯು ಹನ್ನೆರಡನೆಯ ಶತಮಾನಕ್ಕೆ ಮಾತ್ರ ಸಂಬಂಧಿಸಿದುದಲ್ಲ. ಮಗನು ನಾಟಕಕ್ಕೆ ಸೇರುತ್ತೇನೆಂದಾಗ, ಮಗಳು ನೃತ್ಯವನ್ನೋ ಗಾಯನವನ್ನೋ ಜೀವನದ ವೃತ್ತಿಯಾಗಿ ಹಿಡಿಯುತ್ತೇನೆಂದಾಗ, ಎಷ್ಟೋ ಸದ್ಗೃಹಸ್ಥರ ಮನೆಗಳಲ್ಲಿ ಈಗಲೂ ಮೌನ ಕವಿಯುತ್ತದೆ. ಬಣ್ಣ ಹಚ್ಚಿಕೊಂಡು ಕುಣಿಯುವುದು ಒಂದು ಬಾಳೇ ಎಂದು ತಂದೆ ಕೇಳುತ್ತಾನೆ. ಆ ಮಗನೂ ಎಂದಾದರೊಂದು ದಿನ, ಆಟ ಮುಗಿದು ದೀಪಗಳು ಆರಿದ ಮೇಲೆ, ಅದೇ ಪ್ರಶ್ನೆಯನ್ನು ತನ್ನನ್ನು ತಾನೇ ಕೇಳಿಕೊಳ್ಳುತ್ತಾನೆ. ಒಕ್ಕಲಿಗನು ಬೆಳೆದುದು ಕಣಜದಲ್ಲಿ ಕಾಣುತ್ತದೆ, ನೇಕಾರನು ನೇಯ್ದುದು ಮೈಮೇಲೆ ಕಾಣುತ್ತದೆ. ತಾನು ರಾತ್ರಿಯೆಲ್ಲ ಬೆವರಿ ಮಾಡಿದುದು ಎಲ್ಲಿ ಉಳಿಯಿತು? ಅದಕ್ಕೆ ಅರ್ಥವೇನು?

ಚೌಡಯ್ಯನವರು ರೇಕಳಿಕೆಯೆಂಬ ಊರಿನವರೆಂದು ಹೇಳುತ್ತಾರೆ. ರೇಕಣ್ಣಪ್ರಿಯ ನಾಗಿನಾಥ ಎಂಬುದು ಅವರ ಅಂಕಿತ. ಅರವತ್ತಕ್ಕೂ ಮಿಕ್ಕಿ ಅವರ ವಚನಗಳು ದೊರೆತಿವೆ. ಬಗೆಬಗೆಯ ರೂಪುಗಳನ್ನು ತೊಟ್ಟು, ಜನರ ಮುಂದೆ ಆಡಿ, ಅದರಿಂದ ಬಂದುದನ್ನು ಜಂಗಮ ದಾಸೋಹಕ್ಕೆ ಸಲ್ಲಿಸುವುದು ಅವರ ನಿತ್ಯನೇಮ. ಆ ಬಗೆಯ ಆಟವು ಹೇಗಿರುತ್ತಿತ್ತೆಂಬುದನ್ನು ಊಹಿಸುವುದು ಕಷ್ಟವಲ್ಲ. ಅದರ ಒಂದು ತುಣುಕು ಬಳ್ಳಾರಿಯ ಸೀಮೆಯಲ್ಲಿಯೂ ಉತ್ತರ ಕರ್ನಾಟಕದ ಹಲವು ಕಡೆಗಳಲ್ಲಿಯೂ ಹಗಲುವೇಷವೆಂಬ ಹೆಸರಿನಿಂದ ಉಳಿದು ಬಂದಿದೆ. ಈಗ ಅದನ್ನು ಆಡುವವರು ವಿರಳ. ಆದರೂ ಒಮ್ಮೆ ಕಂಡವರು ಮರೆಯಲಾರರು. ಅದಕ್ಕೆ ರಂಗಮಂದಿರವಿಲ್ಲ, ಪರದೆಯಿಲ್ಲ, ದೀಪಗಳ ಮಾಯೆಯಿಲ್ಲ. ಹಾಡಹಗಲಿನಲ್ಲಿ, ಸೂರ್ಯನ ಬೆಳಕಿನಲ್ಲಿ, ದನಕರುಗಳು ಓಡಾಡುವ ಓಣಿಯಲ್ಲಿ ರಾಮನೋ ರಾವಣನೋ ನಡೆದು ಬರುತ್ತಾನೆ. ಹಾರ್ಮೋನಿಯಂ, ತಬಲಾ ಹಿಂದೆ ಬರುತ್ತವೆ. ಬಾಗಿಲಲ್ಲಿ ನಿಂತ ಮುದುಕಿಗೆ ಅವನು ಯಾರೆಂಬುದು ಚೆನ್ನಾಗಿ ಗೊತ್ತು; ಅವನ ತಂದೆಯೂ ಅದೇ ಓಣಿಯಲ್ಲಿ ಅದೇ ಪಾತ್ರವನ್ನು ಆಡಿದುದನ್ನು ಆಕೆ ಕಂಡವಳು. ಹಾಗಿದ್ದರೂ ಅವನು ಘರ್ಜಿಸಿದಾಗ ಆಕೆಯ ಮೊಮ್ಮಗ ಸೆರಗಿನೊಳಗೆ ಅಡಗುತ್ತಾನೆ.

ಇಲ್ಲಿಯೇ ಮೊದಲನೆಯ ಉತ್ತರವಿದೆ. ಬಹುರೂಪಿಯು ಯಾರನ್ನೂ ವಂಚಿಸುವುದಿಲ್ಲ. ತಾನು ವೇಷ ಹಾಕಿದ್ದೇನೆಂದು ಅವನಿಗೆ ಗೊತ್ತು, ನೋಡುವವರಿಗೂ ಗೊತ್ತು. ಇಬ್ಬರೂ ತಿಳಿದು ತಿಳಿದೇ ಆ ಸುಳ್ಳನ್ನು ಒಪ್ಪಿಕೊಂಡು ಅದರೊಳಗಿನ ನಿಜವನ್ನು ನೋಡುತ್ತಾರೆ. ಕಪಟ ಭಕ್ತನಾದರೋ ತನ್ನ ವೇಷವನ್ನು ನಿಜವೆಂದು ನಂಬಿಸಿ ಅದರಿಂದ ಲಾಭ ಪಡೆಯುತ್ತಾನೆ. ಬಹುರೂಪಿಯು ಸಂಜೆಗೆ ವೇಷವನ್ನು ಬಿಚ್ಚುತ್ತಾನೆ. ಕಪಟಿಯು ಬಿಚ್ಚುವುದೇ ಇಲ್ಲ, ಬಿಚ್ಚಲು ಹೆದರುತ್ತಾನೆ, ಕಡೆಗೆ ಬಿಚ್ಚಬೇಕೆಂಬುದನ್ನೇ ಮರೆಯುತ್ತಾನೆ. ಶರಣರು ಖಂಡಿಸಿದುದು ಬಿಚ್ಚದ ವೇಷವನ್ನು. ಆದುದರಿಂದ ಬಣ್ಣ ಹಚ್ಚುವವರನ್ನು ಕಂಡು ಮೂಗು ಮುರಿಯುವ ಸಂಭಾವಿತರು, ಹಗಲಿನಲ್ಲಿ ತಾವು ತೊಟ್ಟಿರುವ ದೊಡ್ಡತನವು ಬಿಚ್ಚುವ ಬಗೆಯದೋ ಬಿಚ್ಚದ ಬಗೆಯದೋ ಎಂಬುದನ್ನು ಒಮ್ಮೆ ನೋಡಿಕೊಳ್ಳುವುದು ಲೇಸು.

ಅಷ್ಟೇ ಅಲ್ಲ. ಹಲವು ರೂಪುಗಳನ್ನು ತೊಟ್ಟು ಕಳಚುವವನಿಗೆ ಒಂದು ವಿಶೇಷವಾದ ತಿಳಿವು ಬರಲು ಅವಕಾಶವಿದೆ. ಬೆಳಿಗ್ಗೆ ಅರಸ, ಮಧ್ಯಾಹ್ನ ಬೇಡ, ಸಂಜೆ ಹೆಂಗಸು. ಅರಸನಾದಾಗ ಜನ ದಾರಿ ಬಿಡುತ್ತಾರೆ, ಬೇಡನಾದಾಗ ನಾಯಿ ಬೊಗಳುತ್ತದೆ. ಒಳಗಿರುವವನು ಮಾತ್ರ ಒಬ್ಬನೇ. ಇದನ್ನು ಬುದ್ಧಿಯಿಂದಲ್ಲ, ಮೈಯಿಂದ ಕಲಿತವನಿಗೆ ಕುಲ, ಅಂತಸ್ತು, ಗಂಡು ಹೆಣ್ಣೆಂಬ ಭೇದಗಳೆಲ್ಲ ತೊಟ್ಟ ಬಟ್ಟೆಗಳೆಂದು ಹೇಳಿಕೊಡಬೇಕಾಗಿಲ್ಲ. ಅನುಭಾವಿಗಳು ಬಹುಕಾಲ ಧ್ಯಾನಿಸಿ ಕಂಡುಕೊಳ್ಳುವ ಮಾತಿಗೆ ಚೌಡಯ್ಯನವರು ತಮ್ಮ ಆಟದ ದಾರಿಯಿಂದಲೇ ತಲುಪಿದರೆಂದು ತೋರುತ್ತದೆ.

ಇಲ್ಲಿ ಒಂದು ಆಕ್ಷೇಪವು ಬರುವುದು ಸಹಜ. ಶರಣರಲ್ಲಿ ಅಗ್ರಗಣ್ಯರಾದ ಅಲ್ಲಮಪ್ರಭುಗಳೂ ಕಲಾವಿದರಾಗಿದ್ದರಲ್ಲವೇ? ಹರಿಹರ ಕವಿಯ ರಗಳೆಯ ಪ್ರಕಾರ ಅವರು ದೇವಾಲಯದಲ್ಲಿ ಮದ್ದಳೆಯನ್ನು ನುಡಿಸುತ್ತಿದ್ದ ಪ್ರವೀಣರು. ಕಾಮಲತೆಯೆಂಬವಳಲ್ಲಿ ಅನುರಕ್ತರಾಗಿ, ಆಕೆ ಜ್ವರದಿಂದ ತೀರಿಕೊಂಡ ಮೇಲೆ ಮರುಳಾದವರಂತೆ ಅಲೆದರು. ತೋಟದಲ್ಲಿ ಕುಳಿತು ಉಗುರಿನಿಂದ ನೆಲವನ್ನು ಕೆದಕುತ್ತಿದ್ದಾಗ ಹೊನ್ನಿನ ಕಳಶ ಕಂಡಿತು, ನೆಲವನ್ನು ಅಗೆಸಿದಾಗ ಗುಡಿ ಕಂಡಿತು, ಒಳಗೆ ಅನಿಮಿಷಯ್ಯ ಕಂಡರು, ಅವರ ಕೈಯ ಲಿಂಗವು ಇವರ ಕೈಗೆ ಬಂದಿತು. ಆ ಬಳಿಕ ಮದ್ದಳೆಯ ಸುದ್ದಿಯಿಲ್ಲ. ಚಾಮರಸನು ಪ್ರಭುಲಿಂಗಲೀಲೆಯಲ್ಲಿ ಇದೇ ಕಥೆಯನ್ನು ಬನವಾಸಿಗೆ ತಂದು, ಮಾಯೆಯನ್ನೇ ನಾಯಿಕೆಯನ್ನಾಗಿ ಮಾಡಿ, ಅವಳ ಕುಣಿತಕ್ಕೆ ಮದ್ದಳೆ ನುಡಿಸುತ್ತಲೂ ಅವಳ ಕೈಗೆ ಸಿಕ್ಕದ ಅಲ್ಲಮರನ್ನು ಚಿತ್ರಿಸಿದ್ದಾನೆ. ಎರಡರಲ್ಲಿಯೂ ಕಡೆಗೆ ವಾದ್ಯವು ಹಿಂದೆ ಉಳಿಯುತ್ತದೆ. ಹಾಗಾದರೆ ಕಲೆಯನ್ನು ಬಿಟ್ಟವನೇ ಮೇಲಕ್ಕೆ ಏರುವನೇ?

ಕಥೆಯನ್ನು ಇನ್ನೊಮ್ಮೆ ನೋಡಬೇಕು. ಕಾಮಲತೆಯು ತೀರಿದಾಗ ಅಲ್ಲಮರಿಗೆ ಬದುಕೇ ಬರಿದಾಯಿತು. ಅಂದರೆ ಆ ಬೆರಳುಗಳು ನುಡಿಸುತ್ತಿದ್ದುದು ಗುಡಿಯ ದೇವರಿಗಲ್ಲ, ಒಬ್ಬಳು ಕೇಳಲಿ ಎಂಬುದಕ್ಕಾಗಿ. ಕೇಳುವವಳು ಹೋದೊಡನೆ ನಾದವೂ ಹೋಯಿತು. ಅವರು ಕಳೆದುಕೊಂಡುದು ಕಲೆಯನ್ನಲ್ಲ, ಕಲೆಯು ಯಾವ ಕೊಕ್ಕೆಗೆ ತೂಗಿತ್ತೋ ಆ ಕೊಕ್ಕೆಯನ್ನು. ಆ ಮೇಲೆ ಅವರ ಬಾಯಿಂದ ಬಂದ ವಚನಗಳ ಲಯವನ್ನು ಬಲ್ಲವರು, ಮದ್ದಳೆಯು ಎಲ್ಲಿಗೂ ಹೋಗಿರಲಿಲ್ಲವೆಂದು ಒಪ್ಪುವರು. ಅದಿರಲಿ, ಪ್ರಭುಗಳು ಮದ್ದಳೆಯನ್ನು ಬಿಟ್ಟರೆಂದು ಕಿನ್ನರಿ ಬೊಮ್ಮಯ್ಯನವರು ಕಿನ್ನರಿಯನ್ನು ಬಿಡಲಿಲ್ಲ. ಅಕ್ಕಸಾಲೆಯ ಕೆಲಸವನ್ನು ಬಿಟ್ಟು ಬಂದ ಅವರು ಕಲ್ಯಾಣದಲ್ಲಿ ಕಿನ್ನರಿಯನ್ನೇ ಕಾಯಕವಾಗಿ ಹಿಡಿದರು. ನಗೆಯ ಮಾರಿತಂದೆಗಳು ಜನರನ್ನು ನಗಿಸುವುದನ್ನೇ ಕಾಯಕ ಮಾಡಿಕೊಂಡರು. ಕಲ್ಯಾಣದ ಹಿರಿಮೆಯೇ ಇದು: ಒಬ್ಬರ ದಾರಿಯನ್ನು ಇನ್ನೊಬ್ಬರ ಮೇಲೆ ಹೇರಲಿಲ್ಲ.

ಕಾಯಕವೆಂಬ ಹೆಸರು ಬಂದ ಮಾತ್ರಕ್ಕೆ ಎಲ್ಲವೂ ಪಾವನವಾಯಿತೆಂದು ತಿಳಿಯಲಾಗದು. ಈ ಕಾಲದಲ್ಲಿ ಆ ಮಾತನ್ನು ಬಹು ಅಗ್ಗವಾಗಿ ಬಳಸುತ್ತಿದ್ದಾರೆ; ಗಳಿಕೆಯೆಲ್ಲವೂ ಕಾಯಕವೆನಿಸಿಕೊಂಡಿದೆ. ಆಯ್ದಕ್ಕಿಯ ದಂಪತಿಗಳ ಕಥೆಯನ್ನು ಇಲ್ಲಿ ನೆನೆಯತಕ್ಕದ್ದು. ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರು. ಕದ್ದುದಲ್ಲ, ಬೇಡಿದುದಲ್ಲ, ಅಂಗಳದಲ್ಲಿ ಬಿದ್ದಿತ್ತು, ಆಯ್ದರು. ಆದರೂ ಲಕ್ಕಮ್ಮನವರು ಒಪ್ಪಲಿಲ್ಲ. ಈ ಹೆಚ್ಚಿನದು ಎಲ್ಲಿಂದ ಬಂದಿತು, ಏತಕ್ಕೆ ಬಂದಿತು, ಇದು ಮನದ ಆಸೆಯಲ್ಲದೆ ಮತ್ತೇನು ಎಂದು ಗಂಡನನ್ನು ತಡೆದು, ಮೊದಲಿದ್ದ ಅಂಗಳದಲ್ಲಿಯೇ ಅದನ್ನು ಸುರಿದು ಬರುವಂತೆ ಹಿಂದಕ್ಕೆ ಕಳುಹಿದರು. ಮಾರಯ್ಯನವರು ಮರುಮಾತಾಡದೆ ಹೋದರು.

ಒಕ್ಕಲಿಗನಿಗೆ, ವ್ಯಾಪಾರಿಗೆ ಈ ಕಥೆಯ ಅರ್ಥವು ಸುಲಭವಾಗಿ ಹೊಳೆಯುತ್ತದೆ. ಕಲಾವಿದನಿಗೆ ಅದು ಇನ್ನೂ ಹತ್ತಿರದ್ದು. ಏಕೆಂದರೆ ಅವನಿಗೆ ಅಕ್ಕಿಯು ಎರಡು ಬಗೆಯಾಗಿ ಬರುತ್ತದೆ. ಒಂದು, ಸಂಬಳ ಸಂಭಾವನೆ. ಅದನ್ನು ಅಳೆಯಬಹುದು, ಎಣಿಸಬಹುದು, ಹಂಚಬಹುದು. ಇನ್ನೊಂದು, ಜನರ ಹೊಗಳಿಕೆ. ಇದು ಯಾವ ಸೇರಿಗೂ ಸಿಕ್ಕುವುದಿಲ್ಲ. ಚಪ್ಪಾಳೆ ಬಿದ್ದಾಗ ಒಳಗೆ ಏನೋ ಒಂದು ಹಿಗ್ಗುತ್ತದೆ. ನಾಳೆ ಅಷ್ಟೇ ಬಿದ್ದರೆ ಸಾಲದು, ಒಂದು ಹಿಡಿ ಹೆಚ್ಚು ಬೇಕು. ಈಗಿನ ಕಾಲದಲ್ಲಿ ಮೆಚ್ಚಿದವರ ಎಣಿಕೆಯನ್ನು ಅಂಗೈಯೊಳಗಿನ ಮೊಬೈಲು ಗಳಿಗೆಗೊಮ್ಮೆ ತೋರಿಸುವ ವ್ಯವಸ್ಥೆಯೂ ಆಗಿದೆ. ಆ ಅಂಗಳದಲ್ಲಿ ಅಕ್ಕಿಯನ್ನು ಆಯುತ್ತಾ ರಾತ್ರಿ ಕಳೆಯುವ ತರುಣರು ಎಷ್ಟೋ ಮಂದಿ. ಹೊಗಳಿಕೆಯು ಪಾಪವಲ್ಲ. ಅದು ಬೀಳದೆ ಹೋದರೆ ಆಟವೇ ನಡೆಯದು. ಆದರೆ ನಟನಿಗೆ ಅದರಲ್ಲಿ ಸಲ್ಲುವುದು ನಾಳೆಯ ಆಟಕ್ಕೆ ಬೇಕಾದಷ್ಟು ಉತ್ಸಾಹ ಮಾತ್ರ. ಮಿಕ್ಕುದು ಯಾರದು? ಪಾತ್ರವನ್ನು ಬರೆದ ಕವಿಯದು, ಕಲಿಸಿದ ಗುರುವಿನದು, ಪಕ್ಕದಲ್ಲಿ ನಿಂತು ಮಾತನ್ನು ಎತ್ತಿಕೊಟ್ಟವನದು, ಆ ರಾತ್ರಿ ತಮ್ಮ ದುಃಖವನ್ನು ಹೊತ್ತು ತಂದು ಆಟದಲ್ಲಿ ಕರಗಿಸಿದ ಪ್ರೇಕ್ಷಕರದು. ಅದನ್ನು ಮನೆಗೆ ಹೊತ್ತು ತಂದವನಿಗೆ ಲಕ್ಕಮ್ಮನವರಂತಹ ಒಬ್ಬರು ಬಾಗಿಲಲ್ಲಿ ನಿಂತು ಹಿಂದಕ್ಕೆ ಕಳುಹಿಸುವವರು ಬೇಕು. ಅಂಥವರಿಲ್ಲದ ಮನೆಗಳಲ್ಲಿ ದೊಡ್ಡ ದೊಡ್ಡ ನಟರು ಕೆಟ್ಟಿದ್ದಾರೆ.

ಬಸವಣ್ಣನವರ ಚರಿತ್ರೆಯ ನಾಟಕಗಳು ಉತ್ತರ ಕರ್ನಾಟಕದಲ್ಲಿ ಊರೂರಿಗೆ ನಡೆದಿವೆ. ಬೆಳಗಾವಿ ಸೀಮೆಯ ಏಣಗಿ ಬಾಳಪ್ಪನವರು 'ಜಗಜ್ಯೋತಿ ಬಸವೇಶ್ವರ' ನಾಟಕದಲ್ಲಿ ಬಸವಣ್ಣನವರ ಪಾತ್ರವನ್ನು ಧರಿಸಿ ಮನೆಮಾತಾದರು. 1914ರಲ್ಲಿ ಹುಟ್ಟಿ ನೂರು ವರ್ಷ ದಾಟಿ ಬಾಳಿದ ಈ ಹಿರಿಯರು ಬಾಲ್ಯದಲ್ಲಿ ಸ್ತ್ರೀಪಾತ್ರಗಳಿಂದ ರಂಗಕ್ಕೆ ಬಂದವರು. ಸೀರೆಯುಟ್ಟ ಅದೇ ಮೈ ಮುಂದೆ ಬಸವಣ್ಣನವರಿಗೂ ಮನೆಯಾಯಿತು. ಇಂತಹ ಪಾತ್ರಗಳನ್ನು ಕಟ್ಟಿದವರ ಪಾದಕ್ಕೆ ಜನರು ಎರಗುವುದು ಹಳ್ಳಿಗಳಲ್ಲಿ ಹೊಸದೇನಲ್ಲ. ಆಟ ಮುಗಿದರೂ ಮುದುಕರು ಸಾಲಾಗಿ ನಿಂತು ಕೈಮುಗಿಯುತ್ತಾರೆ. ಆ ಗಳಿಗೆಯಲ್ಲಿ ನಟನು ಏನು ಮಾಡಬೇಕು? ನಾನು ಬಸವಣ್ಣನಲ್ಲ, ಸಾಮಾನ್ಯನು ಎಂದು ಕಾಲನ್ನು ಹಿಂದಕ್ಕೆ ಸೆಳೆದುಕೊಂಡರೆ ಆ ಮುದುಕನ ಭಕ್ತಿಯು ನೋಯುತ್ತದೆ. ನನಗೇ ಸಂದಿತೆಂದು ನಿಂತರೆ ತಾನು ಕೆಡುತ್ತಾನೆ. ಭಕ್ತರು ಹೊಸ್ತಿಲಿಗೆ ನಮಸ್ಕರಿಸುವಾಗ ಹೊಸ್ತಿಲು ಹೇಗೆ ಸುಮ್ಮನಿರುವುದೋ ಹಾಗೆ ಇರುವುದನ್ನು ಅವನು ಕಲಿಯಬೇಕಾಗುತ್ತದೆ. ನಮಸ್ಕಾರವು ತನ್ನನ್ನು ಹಾದು ಒಳಗೆ ಹೋಗಲಿ ಎಂದು ನಿಲ್ಲುವ ಈ ನಿಲುವು ಕಲಾವಿದನ ಸಾಧನೆಯಲ್ಲಿ ಎಲ್ಲಕ್ಕಿಂತ ಕಷ್ಟವಾದ ಪಾಠವೆಂದರೆ ತಪ್ಪಾಗದು. ತಾಳ ರಾಗಗಳನ್ನು ಹತ್ತು ವರ್ಷದಲ್ಲಿ ಕಲಿಯಬಹುದು.

ತಾಳ ರಾಗದ ಮಾತು ಬಂದುದರಿಂದ ಇನ್ನೊಂದು ವಿಷಯ. ತಮಗೆ ತಾಳಮಾನಗಳ ಲೆಕ್ಕ ತಿಳಿಯದೆಂದೂ ತಾವು ಒಲಿದಂತೆ ಹಾಡುವವರೆಂದೂ ಬಸವಣ್ಣನವರು ಹೇಳಿಕೊಂಡುದು ಉಂಟು. ಇದನ್ನು ಹಿಡಿದುಕೊಂಡು, ಭಾವವೊಂದಿದ್ದರೆ ಸಾಕು, ಅಭ್ಯಾಸವೇಕೆ ಎನ್ನುವ ಭಜನೆಯ ಉತ್ಸಾಹಿಗಳು ಪ್ರತಿ ಊರಿನಲ್ಲಿಯೂ ಇಬ್ಬರು ಮೂವರು ಇರುತ್ತಾರೆ. ಬಸವಣ್ಣನವರದು ವಿನಯ, ಇವರದು ಸೋಮಾರಿತನ. ತನ್ನ ದೇಹವನ್ನೇ ವಾದ್ಯವನ್ನಾಗಿ ಮಾಡಿ ನುಡಿಸಿಕೊಳ್ಳೆಂದು ದೇವರನ್ನು ಬೇಡಿದ ಮಹಾತ್ಮರು, ಶ್ರುತಿಗೂಡದ ವಾದ್ಯವನ್ನು ದೇವರ ಕೈಗೆ ಕೊಡಲು ಒಪ್ಪುತ್ತಿದ್ದರೇ? ಚಮ್ಮಾರನು ಭಕ್ತಿಯ ನೆಪದಿಂದ ಹರಕು ಮೆಟ್ಟನ್ನು ಹೊಲಿದು ಕೊಟ್ಟರೆ ಅದು ಕಾಯಕವಾಗದು. ಬೇಸುರಾದ ಹಾಡಿಗೂ ಪಾಠ ಬಾರದ ನಟನಿಗೂ ಅದೇ ಮಾತು.

ಧಾರವಾಡದ ಮಲ್ಲಿಕಾರ್ಜುನ ಮನಸೂರರ ಬಾಳು ಇದಕ್ಕೆ ನಿದರ್ಶನ. ಬಾಲಕರಾಗಿದ್ದಾಗ ನಾಟಕ ಕಂಪನಿಯಲ್ಲಿ ಪಾತ್ರ ಮಾಡಿಕೊಂಡಿದ್ದವರು. ಮೊದಲು ಕರ್ನಾಟಕ ಸಂಗೀತದ ಪಾಠ, ಬಳಿಕ ಮಿರಜಿನ ನೀಲಕಂಠಬುವಾ ಅವರಲ್ಲಿ ವರ್ಷಗಟ್ಟಲೆ ಗ್ವಾಲಿಯರ್ ಪದ್ಧತಿಯ ಗಾಯನ. ಅಷ್ಟರಲ್ಲಿ ಹೆಸರು ಬಂದಿತ್ತು. ಸಾಕೆನ್ನಬಹುದಿತ್ತು. ಆದರೆ ಅವರು ಜೈಪುರ ಘರಾಣೆಯ ಮಂಜಿಖಾನರ ಮುಂದೆ ಮತ್ತೆ ಶಿಷ್ಯರಾಗಿ ಕುಳಿತರು. ಆ ಗುರುವು 1937ರಲ್ಲಿ ತೀರಿಕೊಂಡಾಗ ಅವರ ಸೋದರರಾದ ಭುರ್ಜಿಖಾನರಲ್ಲಿ ಕಲಿಕೆ ಮುಂದುವರಿಯಿತು. ಲಿಂಗವಂತ ಶಿಷ್ಯನು, ಮುಸಲ್ಮಾನ ಗುರುಗಳು, ನಡುವೆ ನಾದವೊಂದೇ. ಕಲಿತ ವಿದ್ಯೆಯನ್ನೆಲ್ಲ ಅವರು ಶರಣರ ವಚನಗಳಿಗೂ ಮೀಸಲಿಟ್ಟರು. ಹಾಡುಗಬ್ಬದಂತೆ ಸರಳವಾಗಿ ಹಾಡಿ ಮುಗಿಸುತ್ತಿದ್ದ ವಚನವನ್ನು ರಾಗದ ಪೂರ್ಣ ಗಾಂಭೀರ್ಯದಲ್ಲಿ ನಿಲ್ಲಿಸಿ, ದೊಡ್ಡ ದೊಡ್ಡ ಸಂಗೀತ ಸಭೆಗಳಲ್ಲಿ ಹಾಡಿದರು. ಪದ್ಮಶ್ರೀ ಬಂದುದು 1970ರಲ್ಲಿ, ಅರವತ್ತರ ಅಂಚಿನಲ್ಲಿ. ಪದ್ಮವಿಭೂಷಣ ಬಂದುದು 1992ರಲ್ಲಿ, ಅವರು ಲಿಂಗೈಕ್ಯರಾದ ವರ್ಷ. ಕಲೆಯ ಅರ್ಥವು ಮನ್ನಣೆಯಲ್ಲಿಯೇ ಇರುವುದಾಗಿದ್ದರೆ, ಆ ನಡುವಿನ ದಶಕಗಳನ್ನು ಅವರು ಯಾವುದರ ಆಸರೆಯಿಂದ ಹಾಡಿದರು? ಧಾರವಾಡದಲ್ಲಿ ಅವರು ಬಾಳಿದ ಮನೆಯ ಹೆಸರು 'ಮೃತ್ಯುಂಜಯ'. ತಮ್ಮ ಬಾಳಿನ ಕಥೆಯನ್ನು ಬರೆದು ಅದಕ್ಕೆ 'ನನ್ನ ರಸಯಾತ್ರೆ' ಎಂದು ಹೆಸರಿಟ್ಟರು. ಯಾತ್ರೆಗೆ ಹೊರಟವನು ದಾರಿಯಲ್ಲಿ ಕೊರಳಿಗೆ ಬಿದ್ದ ಹಾರಗಳನ್ನು ಎಣಿಸುತ್ತಾ ನಿಲ್ಲುವುದಿಲ್ಲ.

ಗಾಯನವನ್ನು ಪೂಜೆಯೆಂದು ಒಪ್ಪುವವರು ನಾಟಕದ ಮಾತು ಬಂದಾಗ ಹಿಂಜರಿಯುತ್ತಾರೆ. ವಚನವನ್ನು ಹಾಡುವುದು ಸರಿ. ಕಳ್ಳನ ಪಾತ್ರವನ್ನು ಮಾಡುವುದು ಹೇಗೆ ಕಾಯಕವಾದೀತು? ಗುಬ್ಬಿಯ ವೀರಣ್ಣನವರು ಇದಕ್ಕೆ ತಮ್ಮ ಬಾಳಿನಿಂದಲೇ ಉತ್ತರ ಕೊಟ್ಟರು. 1884ರಲ್ಲಿ ಗುಬ್ಬಿಯ ಚನ್ನಬಸವೇಶ್ವರರ ಹೆಸರಿನಲ್ಲಿ ಹುಟ್ಟಿದ ನಾಟಕ ಸಂಘಕ್ಕೆ ಬಾಲಕರಾಗಿ ಸೇರಿ, ಅದರ ಒಡೆಯರಾಗಿ, 1972ರಲ್ಲಿ ತೀರಿಕೊಳ್ಳುವ ವರೆಗೆ ಅದನ್ನೇ ಉಸಿರಾಡಿದವರು. ಅವರಿಗೆ ನಾಡಿನ ತುಂಬ ಹೆಸರು ತಂದುದು ದೇವರ ಪಾತ್ರವಲ್ಲ, ಸಾಧುಸಂತರ ಪಾತ್ರವಲ್ಲ, 'ಸದಾರಮೆ'ಯ ಕಳ್ಳ. ಆ ಕಳ್ಳನು ರಂಗಕ್ಕೆ ಬಂದರೆ ನಗದ ಬಾಯಿಯೇ ಇರಲಿಲ್ಲ. ಕಳ್ಳನನ್ನು ಆಡುವವನು ಕಳ್ಳತನವನ್ನು ಕಲಿಸುವುದಿಲ್ಲ. ಪ್ರತಿಯೊಬ್ಬನ ಒಳಗೂ ಅಡಗಿ ಕುಳಿತಿರುವ ಕಳ್ಳನನ್ನು ಬೆಳಕಿಗೆ ಎಳೆತಂದು, ನೋಡಿ ನಗುವಂತೆ ಮಾಡುತ್ತಾನೆ. ತನ್ನ ಕಳ್ಳತನವನ್ನು ಕಂಡು ನಗಬಲ್ಲವನು ಅರ್ಧ ಗೆದ್ದಂತೆ. ನಗೆಯ ಮಾರಿತಂದೆಗಳನ್ನು ಕಲ್ಯಾಣವು ಶರಣರೆಂದು ಒಪ್ಪಿದುದರ ಗುಟ್ಟೂ ಇದೇ ಇರಬೇಕು. ರಾವಣ, ಶಕುನಿ, ಕೊಂಡಿ ಮಂಚಣ್ಣ, ಇವರನ್ನೆಲ್ಲ ಯಾರಾದರೂ ಹೊರಲೇಬೇಕಲ್ಲವೇ? ಜನರ ಶಾಪವನ್ನು ತನ್ನ ಮೈಮೇಲೆ ಹಾಕಿಕೊಂಡು ಕಥೆಯ ನ್ಯಾಯವನ್ನು ತೋರಿಸುವ ಖಳಪಾತ್ರದವನ ತ್ಯಾಗವನ್ನು ಯಾರೂ ಹೊಗಳುವುದಿಲ್ಲ. ಅವನಿಗೆ ಹಿಂದಿರುಗಿಸಬೇಕಾದ ಅಕ್ಕಿಯ ತೊಂದರೆಯೂ ಇಲ್ಲ.

ಕಂಪನಿಯ ಬದುಕನ್ನು ಹತ್ತಿರದಿಂದ ಕಂಡವರು ಇನ್ನೊಂದನ್ನು ಬಲ್ಲರು. ಹಿಂದಿನ ವೃತ್ತಿನಾಟಕ ಮಂಡಳಿಯೆಂದರೆ ನಡೆದಾಡುವ ಒಂದು ಊರು. ನಟನಟಿಯರು, ಪರದೆ ಬರೆಯುವವರು, ಬಡಗಿಗಳು, ವಾದ್ಯದವರು, ಅಡಿಗೆಯವರು, ಅವರ ಹೆಂಡಿರು ಮಕ್ಕಳು. ಎಲ್ಲರಿಗೂ ಕಂಪನಿಯಲ್ಲಿಯೇ ಊಟ. ಒಂದು ತಿಂಗಳು ಮಳೆ ಹಿಡಿದು ಆಟ ನಿಂತರೂ ಒಲೆ ನಿಲ್ಲುವಂತಿರಲಿಲ್ಲ. ಇಷ್ಟನ್ನು ಹೊತ್ತ ವೀರಣ್ಣನವರು ತಮ್ಮ ಆತ್ಮಕಥೆಗೆ ಇಟ್ಟ ಹೆಸರು 'ಕಲೆಯೇ ಕಾಯಕ'.

ಗದಗಿನ ವೀರೇಶ್ವರ ಪುಣ್ಯಾಶ್ರಮದ ಕಥೆಯು ಭಕ್ತರೆಲ್ಲರಿಗೂ ತಿಳಿದುದೇ ಆದರೂ ಅದರ ಒಂದು ಮಗ್ಗುಲನ್ನು ಇಲ್ಲಿ ನೆನೆಯದಿದ್ದರೆ ಈ ಮಾತು ಪೂರ್ಣವಾಗದು. ಹಾನಗಲ್ಲ ಕುಮಾರ ಮಹಾಸ್ವಾಮಿಗಳು ಹುಟ್ಟುಗುರುಡ ಬಾಲಕನೊಬ್ಬನಲ್ಲಿ ನಾದದ ಕಿಡಿಯನ್ನು ಕಂಡು ಬೆಳೆಸಿದರು. ಆತನೇ ಪಂಚಾಕ್ಷರ ಗವಾಯಿಗಳು. ತಮಗೆ ದೊರೆತುದನ್ನು ತಮ್ಮಂತೆಯೇ ಕಣ್ಣಿಲ್ಲದ ಮಕ್ಕಳಿಗೆ ಹಂಚುವುದಕ್ಕಾಗಿ ಅವರು ಊರೂರು ತಿರುಗಿದರು. 1944ರಲ್ಲಿ ಅವರು ಲಿಂಗೈಕ್ಯರಾದ ಬಳಿಕ ಆ ಭಾರವನ್ನು ಹೊತ್ತವರು, ಶೈಶವದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡಿದ್ದ ಪುಟ್ಟರಾಜ ಗವಾಯಿಗಳು. ಸಾರಂಗಿ, ಪಿಟೀಲು, ತಬಲಾ, ಹಾರ್ಮೋನಿಯಂ ಎಲ್ಲವೂ ಅವರ ಬೆರಳಿಗೆ ಒಲಿದಿದ್ದವು. ಆಶ್ರಮದ ಮಕ್ಕಳ ಹೊಟ್ಟೆ ತುಂಬಬೇಕಲ್ಲ? ಆ ವಿರಕ್ತರು ನಾಟಕಗಳನ್ನು ರಚಿಸಿದರು, ನಾಟಕ ಮಂಡಳಿಯನ್ನು ನಡೆಸಿದರು. ಮಠದ ನೆರಳಿನಲ್ಲಿ ನಾಟಕವೇ ಎಂದು ಮೂಗಿನ ಮೇಲೆ ಬೆರಳಿಟ್ಟವರ ಮಾತಿಗೆ ಅಲ್ಲಿಯ ಅನ್ನದ ಹಂಡೆಯೇ ಉತ್ತರವಾಯಿತು. ಬಣ್ಣದ ದುಡ್ಡಿನಿಂದ ಕಣ್ಣಿಲ್ಲದ ಮಕ್ಕಳು ಉಂಡರು, ಕಲಿತರು, ನಾಡಿನ ತುಂಬ ಸಂಗೀತದ ಶಿಕ್ಷಕರಾಗಿ ಹರಡಿದರು. ಚೌಡಯ್ಯನವರ ಕಾಯಕದ ಎಂಟುನೂರು ವರ್ಷಗಳ ಮೇಲಣ ರೂಪವನ್ನು ಕಾಣಬೇಕೆಂದಿದ್ದವರಿಗೆ ಅದು ಅಲ್ಲಿ ಕಾಣುತ್ತಿತ್ತು.

ಭಕ್ತರು ಪುಟ್ಟರಾಜರಿಗೆ ಮತ್ತೆ ಮತ್ತೆ ತುಲಾಭಾರ ಮಾಡಿದರು. ತಕ್ಕಡಿಯ ಒಂದು ತಟ್ಟೆಯಲ್ಲಿ ಗವಾಯಿಗಳು, ಇನ್ನೊಂದರಲ್ಲಿ ನಾಣ್ಯಗಳು. ಕೂಡ್ರೆಂದಾಗ ಕುಳಿತರು, ಏಳೆಂದಾಗ ಎದ್ದರು. ತೂಗಿದುದೆಲ್ಲ ಮಕ್ಕಳ ಅನ್ನಕ್ಕೆ ಹೋಯಿತು. ಇಷ್ಟು ಗೌರವವನ್ನು ಮೈಮೇಲೆ ಸುರಿಸಿಕೊಂಡು ಒಂದು ಕಾಳನ್ನೂ ತನಗೆಂದು ಇಟ್ಟುಕೊಳ್ಳದೆ ಇರುವುದು ಹೇಗೆಂಬುದನ್ನು 2010ರ ವರೆಗೆ, ತೊಂಬತ್ತಾರು ವರ್ಷಗಳ ಕಾಲ, ಕನ್ನಡ ನಾಡು ಕಣ್ಣಾರೆ ಕಂಡಿದೆ.

ಆದರೆ ಎಲ್ಲ ಕಲಾವಿದರಿಗೂ ತುಲಾಭಾರವಾಗುವುದಿಲ್ಲ. ಬಹುಮಂದಿಯ ಪಾಲಿಗೆ ಬರುವುದು ಖಾಲಿ ಕುರ್ಚಿಗಳು. ದನಿ ಒಡೆಯುತ್ತದೆ, ಮೊಣಕಾಲು ನೋಯುತ್ತದೆ, ನಾಯಕನ ಪಾತ್ರ ಹೋಗಿ ದ್ವಾರಪಾಲಕನ ಪಾತ್ರ ಬರುತ್ತದೆ, ಅದೂ ಒಂದು ದಿನ ತಪ್ಪುತ್ತದೆ. ಯೌವನದಲ್ಲಿ ಓಡೋಡಿ ಬಂದು ನೋಡಿದ ಜನರು ದಾರಿಯಲ್ಲಿ ಗುರುತು ಹಿಡಿಯುವುದಿಲ್ಲ. ಆಗಲೂ ಕಾಯಕಕ್ಕೆ ಅರ್ಥವಿದೆಯೇ? ನಿಜವಾದ ಪ್ರಶ್ನೆ ಇದು. ಹೊಗಳಿಕೆಯ ಕಾಲದಲ್ಲಿ ಅರ್ಥವನ್ನು ಕುರಿತು ಯಾರೂ ಕೇಳಿಕೊಳ್ಳುವುದಿಲ್ಲ.

ಲಿಂಗವಂತನಾದವನು ಏನನ್ನೇ ಆಗಲಿ ಮೊದಲು ಲಿಂಗಕ್ಕೆ ಅರ್ಪಿಸಿ ಬಳಿಕ ಪ್ರಸಾದವಾಗಿ ಸ್ವೀಕರಿಸುತ್ತಾನೆ. ಉಣ್ಣುವ ಅನ್ನ ಮಾತ್ರವಲ್ಲ. ಕಣ್ಣಿನ ರೂಪ, ಕಿವಿಯ ಶಬ್ದ, ಮೂಗಿನ ಗಂಧಗಳೂ ಅರ್ಪಿತವಾಗತಕ್ಕವೆಂದು ಶರಣರು ಬೋಧಿಸಿದರು. ಹಾಗಿದ್ದ ಮೇಲೆ ನಟನು ಆಡುವ ಮಾತು, ನರ್ತಕಿಯು ಇಡುವ ಹೆಜ್ಜೆ, ಗಾಯಕನು ಹಿಡಿಯುವ ಸ್ವರ ಇವುಗಳಿಗೆ ಮೊದಲನೆಯ ಪ್ರೇಕ್ಷಕನು ಯಾರು? ಎದೆಯ ಮೇಲಿರುವವನೇ. ಕೊನೆಯ ಬೆಂಚಿನವನಿಗಿಂತ ಮೊದಲು, ಮುಂದಿನ ಸಾಲಿನ ಗಣ್ಯರಿಗಿಂತ ಮೊದಲು, ಅವನು ನೋಡಿ ಆಗಿರುತ್ತದೆ. ಜನರಿಗೆ ದೊರೆಯುವುದು ಪ್ರಸಾದ. ಸಾವಿರ ಮಂದಿ ಬಂದರೆ ಸಾವಿರ ಮಂದಿಗೆ ಹಂಚಿಕೆ, ಮೂವರು ಬಂದರೆ ಮೂವರಿಗೆ ಹಂಚಿಕೆ. ಅರ್ಪಿತವು ಎರಡು ದಿನವೂ ಒಂದೇ ಬಗೆಯದು. ಈ ತಿಳಿವು ನೆಲೆಗೊಂಡವನು ಮೂವರ ಮುಂದೆ ಆಡುವಾಗ ದನಿಯನ್ನು ತಗ್ಗಿಸುವುದಿಲ್ಲ. ಅವನಿಗೆ ಆ ರಾತ್ರಿ ದುಃಖವಾಗುವುದಿಲ್ಲವೆಂದಲ್ಲ. ನಾಳೆಯ ಅಕ್ಕಿಗೆ ಏನು ಮಾಡುವುದೆಂಬ ಚಿಂತೆಯು ಅವನನ್ನೂ ಕಾಡುತ್ತದೆ. ಅದನ್ನು ನೀಗಿಸಬೇಕಾದವರು ಅವನ ಆಟವನ್ನು ಒಂದು ಕಾಲಕ್ಕೆ ನೋಡಿ ನಕ್ಕವರು, ಅತ್ತವರು. ಮದುವೆಯ ಚಪ್ಪರಕ್ಕೆ ಸಾವಿರಾರು ರೂಪಾಯಿ ಸುರಿಯುವ ಮನೆಗಳವರು ಊರಿನ ಮುದಿ ಕಲಾವಿದನ ಮನೆಯಲ್ಲಿ ಒಲೆ ಹೊತ್ತಿತೇ ಎಂದು ಕೇಳದಿರುವುದು ದಾಸೋಹದ ಲೆಕ್ಕದಲ್ಲಿ ಎಲ್ಲಿಗೂ ಹೊಂದುವುದಿಲ್ಲ.

ಬಸವಣ್ಣನವರ ನಾಟಕ ಮುಗಿದ ರಾತ್ರಿಯನ್ನು ನೆನೆಯಿರಿ. ಜನರು ಚದುರಿದ್ದಾರೆ. ಚೌಕಿಯಲ್ಲಿ ನಟನು ಕೊಬ್ಬರಿ ಎಣ್ಣೆಯನ್ನು ಅಂಗೈಗೆ ಸುರಿದುಕೊಂಡು ಮುಖದ ಬಣ್ಣವನ್ನು ತೆಗೆಯುತ್ತಾನೆ. ಹುಬ್ಬಿನ ಕಾಡಿಗೆ ಹೋಗುತ್ತದೆ, ಕೆನ್ನೆಯ ಕೆಂಪು ಹೋಗುತ್ತದೆ, ಪಾತ್ರಕ್ಕಾಗಿ ಹಣೆಗೆ ಬಳಿದಿದ್ದ ವಿಭೂತಿಯೂ ಎಣ್ಣೆಯಲ್ಲಿ ಕಲಸಿ ಬಟ್ಟೆಗೆ ಬರುತ್ತದೆ. ಪೇಟ, ನಿಲುವಂಗಿ, ಕಾಗದದ ಹಾರಗಳು ಪೆಟ್ಟಿಗೆಗೆ ಸೇರುತ್ತವೆ. ಹೊತ್ತು ಮೂಡುವುದಕ್ಕೆ ಇನ್ನೂ ಒಂದೆರಡು ಗಳಿಗೆಯಿರುವಾಗ ಅವನು ಬಾವಿಯ ಬಳಿ ಹೋಗಿ, ತಣ್ಣೀರಿನಿಂದ ಸ್ನಾನ ಮಾಡಿ, ಡೇರೆಯ ಮೂಲೆಯಲ್ಲಿ ಒಂದು ಚಾಪೆಯನ್ನು ಹಾಸಿಕೊಂಡು ಕುಳಿತು, ಕರಡಿಗೆಯನ್ನು ಬಿಚ್ಚಿ ಲಿಂಗವನ್ನು ಅಂಗೈಗೆ ತೆಗೆದುಕೊಳ್ಳುತ್ತಾನೆ. ಮತ್ತೆ ವಿಭೂತಿಯ ಗಟ್ಟಿಯನ್ನು ನೀರಿನಲ್ಲಿ ತೇದು ಅದೇ ಹಣೆಯ ಮೇಲೆ ಅದೇ ಮೂರು ಗೆರೆಗಳನ್ನು ಎಳೆದುಕೊಳ್ಳುತ್ತಾನೆ. ಈ ಸಲ ನೋಡುವವರು ಯಾರೂ ಇಲ್ಲ. ಹೊರಗೆ ಬಡಗಿಗಳು ರಂಗದ ಹಲಗೆಗಳನ್ನು ಬಿಚ್ಚುತ್ತಿದ್ದಾರೆ.